ತಾತ ಎದ್ದು ನಿಂತಾಗ

ಏಳನೇ ಸೆಮಿಸ್ಟರ್ ಶುರುವಾದ ವಾರವೇ ಗೈಡ್ ಸರ್ ನಮ್ಮನ್ನು ಕರೆದು, ‘ಶುಕ್ರವಾರದೊಳಗೆ ಪ್ರಾಜೆಕ್ಟ್ ಟೈಟಲ್ ಕೊಡಿ, ಇಲ್ಲಾಂದ್ರೆ ನಾನೇ ಒಂದು ಕೊಡ್ತೀನಿ’ ಅಂದರು. ಅವರು ಕೊಡುವ ಟೈಟಲ್ ಎಂಥದಿರುತ್ತದೆ ಅಂತ ಸೀನಿಯರ್‌ಗಳಿಂದ ಕೇಳಿ ಗೊತ್ತಿತ್ತು. ಹಾಗಾಗಿ ನಾವು ನಾಲ್ವರೂ ಅವತ್ತು ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮುಗಿದ ಮೇಲೂ ಏಳದೆ ಕೂತಿದ್ದೆವು. ನಮ್ಮಲ್ಲೊಬ್ಬ ಯಾಪಲದಿನ್ನಿಯವನು. ಅವನು ತಟ್ಟೆಯಲ್ಲಿ ಬೆರಳಾಡಿಸುತ್ತಾ, ‘ನಮ್ಮ ತಾತ ಈ ವರ್ಷ ಮೂರು ಸಲ ಬಿದ್ದಾನಲೇ. ಬಿದ್ರ ಫೋನಿಗೆ ಮೆಸೇಜ್ ಬರೋಹಂಗ ಒಂದು ಬೆಲ್ಟ್ ಮಾಡೋಣೇನು?’ ಅಂದ.

ಟೈಟಲ್ ಸಿಕ್ಕಿತು ಅಂತ ಖುಷಿಪಟ್ಟೆವು. ಯಾಕೆ ಬಿದ್ದ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ವಯಸ್ಸಾದವರು ಬೀಳ್ತಾರೆ, ಅದರಲ್ಲಿ ಕೇಳೋದೇನಿದೆ?

ತಾತನಿಗೆ ಎಪ್ಪತ್ತೆಂಟು ವರ್ಷ. ಮರೆವು ಶುರುವಾಗಿ ಮೂರು ವರ್ಷದ ಮೇಲಾಗಿತ್ತು. ಊರಲ್ಲಿ ಅದನ್ನು ಕಾಯಿಲೆ ಅಂತ ಎಣಿಸೋರು ಕಡಿಮೆ. ಅರವತ್ತಕ್ಕೆ ಅರಳು ಮರಳು ಅಂದುಬಿಟ್ಟರೆ ಮುಗೀತು. ಆದರೂ ಮನೆಯವರು ಸುಮ್ಮನೆ ಕೂತಿರಲಿಲ್ಲ. ಸಿಟಿಯ ಡಾಕ್ಟರೊಬ್ಬರಿಗೆ ತೋರಿಸಿದ್ದರು. ಅವರು ಚೀಟಿಯಲ್ಲಿ ‘ಡಿಮೆನ್ಷಿಯಾ’ ಅಂತ ಬರೆದು ದಿನಕ್ಕೊಂದು ಗುಳಿಗೆ ಕೊಟ್ಟಿದ್ದರು. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜು. ಈ ಅಂಕಿಯನ್ನು ನಮ್ಮ ರಿಪೋರ್ಟಿನ ಮೊದಲ ಪುಟಕ್ಕೆ ಹಾಕಿಕೊಂಡೆವು. ಪ್ರಾಜೆಕ್ಟ್ ಮಾಡಿದವರಿಗೆ ಗೊತ್ತು, ಮೊದಲ ಪುಟಕ್ಕೆ ಒಂದು ದೊಡ್ಡ ಅಂಕಿ ಬೇಕೇ ಬೇಕು.

ಬೆಲ್ಟ್ ಮಾಡಿದ್ದು ಹೀಗೆ. ಒಂದು ಇಎಸ್‌ಪಿ32 ಬೋರ್ಡು, ವೇಗೋತ್ಕರ್ಷ ಅಳೆಯೋಕೆ ಎಂಪಿಯು6050 ಸೆನ್ಸರ್, ಮೆಸೇಜ್ ಕಳಿಸೋಕೆ ಸಿಮ್ ಹಾಕುವ ಮಾಡ್ಯೂಲ್, ಒಂದು ಮೆಮೊರಿ ಕಾರ್ಡು, ಬ್ಯಾಟರಿ. ಮನುಷ್ಯ ಬೀಳುವಾಗ ಒಂದು ಕ್ಷಣ ಸೆನ್ಸರಿನ ಅಂಕಿ 1 ಜಿಯಿಂದ ಕೆಳಗಿಳಿಯುತ್ತದೆ, ನೆಲಕ್ಕೆ ಬಡಿದಾಗ ಒಮ್ಮೆಲೇ ಮೇಲೇರುತ್ತದೆ. ಮೊದಲು 0.5ಕ್ಕಿಂತ ಕಡಿಮೆ, ಆಮೇಲೆ 3ಕ್ಕಿಂತ ಹೆಚ್ಚು ಬಂದರೆ ‘ಬಿದ್ದಿದ್ದಾರೆ’ ಅಂತ ಅರ್ಥ. ಹಾಸ್ಟೆಲ್ ಹಾಸಿಗೆ ನೆಲಕ್ಕೆ ಹಾಸಿ ನಾವೇ ಸರದಿಯಂತೆ ಬಿದ್ದೆವು. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಸೇರಿ ಒಟ್ಟು ನೂರಿಪ್ಪತ್ತು ಸಲ. ನೂರಾ ಹದಿನಾಲ್ಕು ಸಲ ಸರಿಯಾಗಿ ಹಿಡಿಯಿತು. ಶೇಕಡಾ 95. ಮೊದಲ ರಿವ್ಯೂನಲ್ಲಿ ಸರ್ ತಲೆ ಆಡಿಸಿದರು. ಇಪ್ಪತ್ತೊಂದು ವರ್ಷದ ನಾಲ್ಕು ಗಟ್ಟಿ ಹುಡುಗರು ಬೇಕಂತಲೇ ಬೀಳೋದಕ್ಕೂ, ಎಪ್ಪತ್ತೆಂಟರ ಮುದುಕ ಎಚ್ಚರ ತಪ್ಪೋದಕ್ಕೂ ಏನು ಸಂಬಂಧ ಅಂತ ಅವತ್ತು ಯಾರಾದರೂ ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಮಾರ್ಚ್ ಮೊದಲ ವಾರ, ಒಂದು ಶನಿವಾರ, ಬೆಲ್ಟ್ ತಗೊಂಡು ಊರಿಗೆ ಹೋದೆವು. ಯಾಪಲದಿನ್ನಿ ರಾಯಚೂರು ತಾಲ್ಲೂಕಿನ ಊರು. ತೆಲುಗಿನಲ್ಲಿ ಯಾಪ ಅಂದರೆ ಬೇವು, ದಿನ್ನೆ ಅಂದರೆ ದಿಬ್ಬ. ಹೆಸರು ಕೇಳಿದರೆ ಬೇವಿನ ದಿಬ್ಬ ಅಂತಲೇ ಅನಿಸುತ್ತದೆ. ಗಡಿ ಹತ್ತಿರವಾದ್ದರಿಂದ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಅಂತ ಹೊರಗಿನವರಿಗೆ ತಿಳಿಯೋದಿಲ್ಲ. ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಈ ಊರಿನ ಹೆಸರು ಬೇರೆ ಕಾರಣಕ್ಕೆ ಗೊತ್ತಿರಬಹುದು, ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವಾಟ್ ಸೌರ ಘಟಕ ಇಲ್ಲಿದೆ. ಬಿಸಿಲಿಗೆ ಬರ ಇಲ್ಲದ ಸೀಮೆ. ಮಾರ್ಚ್‌ನಲ್ಲೇ ಬಸ್ಸಿನ ಕಿಟಕಿಯ ಕಂಬಿ ಮುಟ್ಟೋಕಾಗ್ತಿರಲಿಲ್ಲ.

ಮನೆಯಲ್ಲಿ ಇದ್ದದ್ದು ತಾತ ಮತ್ತು ನಮ್ಮ ಗೆಳೆಯನ ಅವ್ವ, ಇಬ್ಬರೇ. ಮಿಕ್ಕವರು ಮೆಣಸಿನಕಾಯಿ ಹೊಲಕ್ಕೆ ಹೋಗಿದ್ದರು. ಅವ್ವ ನಮಗೆ ಮಂಡಾಳ ಒಗ್ಗರಣಿ ಮಾಡಿಕೊಟ್ಟರು. ಬೆಲ್ಟ್ ತೋರಿಸಿದಾಗ ಕೈಯಲ್ಲಿ ತೂಗಿ ನೋಡಿ, ‘ಇದು ಬಿದ್ಮ್ಯಾಲ ಹೇಳ್ತದೇನು?’ ಅಂದರು. ಹೌದು ಅಂದೆವು. ‘ಬಿದ್ಮ್ಯಾಲ ನನಗೂ ತಿಳಿತದಲ್ಲಪ್ಪ’ ಅಂದರು. ನಾವು ನಕ್ಕೆವು. ಅವರೂ ನಕ್ಕರು.

ಬೆಳಿಗ್ಗೆ ತಾತನ ಸೊಂಟಕ್ಕೆ ಬೆಲ್ಟ್ ಕಟ್ಟಿದೆವು. ಅರ್ಧ ದಿನದಲ್ಲಿ ಐದು ಸುಳ್ಳು ಮೆಸೇಜ್ ಬಂದವು. ತಾತ ಮಂಚದ ಮೇಲೆ ಧಪ್ ಅಂತ ಕೂತರೆ ಒಂದು, ಬೆಲ್ಟ್ ಬಿಚ್ಚಿ ಒಗೆದರೆ ಒಂದು. ಮೊಬೈಲ್ ಆನ್ ಮಾಡಿ ಡೆಮೊ ವಿಡಿಯೋ ತೆಗೆಯುತ್ತಾ ಅಂಗಳದ ಬೇವಿನ ಮರದ ಕೆಳಗೆ ಕೂತಿದ್ದೆವು. ತಾತ ಒಂದು ಗಂಟೆಗೆ ಊಟ ಮಾಡಿದ್ದರು, ಎರಡು ರೊಟ್ಟಿ, ಪುಂಡಿಪಲ್ಯ, ಅನ್ನ ಮಜ್ಜಿಗೆ. ಎರಡು ಗಂಟೆ ದಾಟಿತ್ತು. ಮಂಚದ ಮೇಲೆ ಮಲಗಿದ್ದವರು ಇದ್ದಕ್ಕಿದ್ದಂತೆ ಎದ್ದರು. ‘ಎತ್ತಿಗಿ ಮೇವು ಹಾಕಿಲ್ಲ’ ಅಂದರು. ಆ ಎತ್ತುಗಳನ್ನು ಮಾರಿ ಒಂಬತ್ತು ವರ್ಷವಾಗಿದೆ. ನಾಲ್ಕೈದು ಹೆಜ್ಜೆ ಹೋಗಿ ಪಡಸಾಲೆಯ ಕಂಬ ಹಿಡಿದು ನಿಂತರು. ಮೇಲೆ ನೋಡಿದರು. ಒಳಗಿನಿಂದ ಅವ್ವ ‘ಮಾವ!’ ಅಂತ ಕೂಗುತ್ತಾ ಓಡಿ ಬಂದರು. ಅಷ್ಟರಲ್ಲಿ ತಾತ ಗೋಡೆಗೆ ಆನಿಕೊಂಡು, ಮೂಟೆ ಜಾರಿದ ಹಾಗೆ ನಿಧಾನಕ್ಕೆ ಕೆಳಗೆ ಜಾರಿದರು. ಮುಖ ಬೂದಿ ಬಣ್ಣ. ಕಣ್ಣು ತೆರೆದೇ ಇತ್ತು.

ಬೆಲ್ಟಿನಿಂದ ಮೆಸೇಜ್ ಬರಲಿಲ್ಲ.

ಆಮೇಲಿನ ಒಂದೂವರೆ ನಿಮಿಷದಲ್ಲಿ ನಾವು ಮಾಡಿದ್ದನ್ನು ಬರೆಯೋಕೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಮ್ಮಲ್ಲಿಬ್ಬರು ತಾತನ ಎರಡೂ ರಟ್ಟೆ ಹಿಡಿದು ಎಬ್ಬಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಕತ್ತು ವಾಲದಂತೆ ನೆಟ್ಟಗೆ ಹಿಡಿದೆವು. ತಾತನ ಕೈಕಾಲು ನಾಲ್ಕೈದು ಸಲ ಜುಮುಕಿದವು. ಪಕ್ಕದ ಮನೆಯವರು ಓಡಿ ಬಂದು ‘ಫಿಟ್ಸ್ ಬಂದೈತಿ, ಕೀಲಿ ಕೊಡ್ರಿ’ ಅಂದರು. ಕೈಗೆ ಕಬ್ಬಿಣದ ಕೀಲಿ ಬಂತು, ಮೂಗಿಗೆ ಉಳ್ಳಾಗಡ್ಡಿ ಬಂತು. ನಮ್ಮಲ್ಲೊಬ್ಬ ಬಾಯಿಗೆ ನೀರು ಹಾಕೋಕೆ ಹೋದ. ಅವ್ವ ಮಾತ್ರ ‘ಮಲಗಸ್ರಿ, ಮಲಗಸ್ರಿ’ ಅಂತ ಒಂದೇ ಸಮನೆ ಹೇಳುತ್ತಿದ್ದರು. ಇಂಜಿನಿಯರಿಂಗ್ ಓದುತ್ತಿದ್ದ ನಾವು ಅವರ ಮಾತು ಕೇಳಲಿಲ್ಲ. ಕೊನೆಗೆ ಅವರೇ ನಮ್ಮನ್ನು ತಳ್ಳಿ ತಾತನನ್ನು ನೆಲಕ್ಕೆ ಮಲಗಿಸಿದರು. ಮಲಗಿಸಿದ ಸ್ವಲ್ಪ ಹೊತ್ತಿಗೆ ತಾತ ಕಣ್ಣು ಪಿಳಿಕಿಸಿ, ಸುತ್ತ ನಿಂತವರನ್ನು ನೋಡಿ, ‘ಯಾಕ ಎಲ್ರೂ ಬಂದೀರಿ?’ ಅಂದರು. ಏನಾಯ್ತು ತಾತ ಅಂದರೆ, ‘ಏನಾಗೈತಿ? ಏನೂ ಆಗಿಲ್ಲ’ ಅಂದರು. ಸುಳ್ಳಲ್ಲ. ಅವರ ಮಟ್ಟಿಗೆ ಏನೂ ಆಗಿರಲಿಲ್ಲ.

ಗಡಿಬಿಡಿಯಲ್ಲಿ ಮೊಬೈಲ್ ಆಫ್ ಮಾಡಿರಲಿಲ್ಲ. ಇಡೀ ಘಟನೆ ವಿಡಿಯೋದಲ್ಲಿ ಬಂದಿತ್ತು.

ಸೋಮವಾರ ತಾತನನ್ನು ಸಿಟಿಗೆ ಕರೆದುಕೊಂಡು ಹೋದೆವು. ಈ ಸಲ ಬೇರೆ ಡಾಕ್ಟರು, ನಮ್ಮ ಗೈಡ್ ಸರ್‌ಗೆ ಪರಿಚಯದವರು, ಹೆಚ್ಚಾಗಿ ವಯಸ್ಸಾದವರನ್ನೇ ನೋಡುವವರು. ‘ಏನಾಯ್ತು?’ ಅಂತ ಕೇಳಿದರು. ‘ಚಕ್ಕರ್ ಬಂತು’ ಅಂದೆವು. ‘ಚಕ್ಕರ್ ಅಂದ್ರೆ?’ ಅಂದರು. ಕನ್ನಡ ಬಳಗದ ಪತ್ರಿಕೆಯಲ್ಲಿ ಇದನ್ನು ಹೇಳಲೇಬೇಕು. ನಮ್ಮ ಕಡೆ ತಲೆ ತಿರುಗಿದರೂ ಚಕ್ಕರ್, ಕಣ್ಣು ಕತ್ತಲಾದರೂ ಚಕ್ಕರ್, ಎಚ್ಚರ ತಪ್ಪಿದರೂ ಚಕ್ಕರ್, ಒಮ್ಮೊಮ್ಮೆ ಫಿಟ್ಸ್ ಕೂಡ ಚಕ್ಕರ್. ಡಾಕ್ಟರಿಗೆ ಇವು ನಾಲ್ಕೂ ನಾಲ್ಕು ದಾರಿ. ಮನೆ ತಿರುಗಿದ ಹಾಗೆ ಆದರೆ ಕಿವಿಯ ಕಡೆ ನೋಡಬೇಕು. ಎಚ್ಚರ ಪೂರ್ತಿ ತಪ್ಪಿ ಒಂದೆರಡು ನಿಮಿಷದೊಳಗೆ ತಾನಾಗಿ ಮರಳಿದರೆ ಹೃದಯ, ರಕ್ತದೊತ್ತಡದ ಕಡೆ. ಕೈಕಾಲು ಸೆಟೆದು, ನಾಲಿಗೆ ಕಚ್ಚಿ, ಆಮೇಲೆ ಬಹಳ ಹೊತ್ತು ಮಂಕಾಗಿದ್ದರೆ ಮೆದುಳಿನ ಕಡೆ. ಬೇರೆ ರೋಗಿಗಳು ‘ಕಣ್ಣು ಕತ್ತಲಾತು, ಬೆವರಿದೆ, ಆಮೇಲೆ ಗೊತ್ತಿಲ್ಲ’ ಅಂತ ತಾವೇ ಹೇಳಿಕೊಳ್ಳುತ್ತಾರೆ. ತಾತ ಹೇಳಲಾರರು. ಬೀಳುವ ಮೊದಲು ಏನನಿಸಿತು ಅನ್ನೋದು ಹೋಗಲಿ, ಬಿದ್ದದ್ದೇ ನೆನಪಿಲ್ಲ.

ವಿಡಿಯೋ ತೋರಿಸಿದೆವು. ಡಾಕ್ಟರು ಮೂರು ಸಲ ನೋಡಿದರು. ‘ಇದು ಫಿಟ್ಸ್ ಅಲ್ಲ’ ಅಂದರು. ಮೆದುಳಿಗೆ ರಕ್ತ ಕಡಿಮೆಯಾಗಿ ಎಚ್ಚರ ತಪ್ಪಿದಾಗಲೂ ಕೈಕಾಲು ಹೀಗೆ ಸ್ವಲ್ಪ ಜುಮುಕುತ್ತವೆ. ಬರ್ಲಿನ್‌ನಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನೇ ಎಚ್ಚರ ತಪ್ಪಿಸಿ ವಿಡಿಯೋ ತೆಗೆದ ಒಂದು ಅಧ್ಯಯನ 1994ರಲ್ಲಿ ಬಂದಿದೆ, ಆಮೇಲೆ ಹುಡುಕಿ ಓದಿದೆವು. ಪೂರ್ತಿ ಎಚ್ಚರ ತಪ್ಪಿದವರಲ್ಲಿ ನೂರಕ್ಕೆ 90 ಜನರ ಕೈಕಾಲು ಜುಮುಕಿದ್ದವಂತೆ. ಇದು ತಿಳಿಯದೆ ಫಿಟ್ಸ್ ಗುಳಿಗೆ ಶುರು ಮಾಡಿಬಿಟ್ಟರೆ, ಮೊದಲೇ ಮಂಕಾದ ತಲೆಗೆ ಇನ್ನೊಂದಿಷ್ಟು ಮಂಕು. ‘ಮಲಗಿಸಿದ ಮೇಲೆ ಎಷ್ಟು ಬೇಗ ಎಚ್ಚರ ಬಂತು ನೋಡಿ. ಕುರ್ಚಿಯಲ್ಲಿ ಕೂರಿಸಿದಷ್ಟು ಹೊತ್ತೂ ಬರಲಿಲ್ಲ’ ಅಂತ ಅವರು ತೋರಿಸಿದಾಗ ನಾವು ನೆಲ ನೋಡಿದೆವು. ಎಚ್ಚರ ತಪ್ಪಿ ಕೆಳಗೆ ಬೀಳೋದೇ ದೇಹ ಮಾಡಿಕೊಳ್ಳುವ ಚಿಕಿತ್ಸೆ. ತಲೆ ಹೃದಯದ ಮಟ್ಟಕ್ಕೆ ಬಂದರೆ ರಕ್ತ ತಾನಾಗಿ ಹೋಗುತ್ತದೆ. ನಾವು ಅದನ್ನು ತಡೆದು ನೆಟ್ಟಗೆ ಕೂರಿಸಿದ್ದೆವು.

ಆಮೇಲೆ ಡಾಕ್ಟರು ಮಾಡಿದ ಪರೀಕ್ಷೆಗೆ ಯಾವ ದೊಡ್ಡ ಮಷಿನ್ನೂ ಬೇಕಾಗಲಿಲ್ಲ. ತಾತನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು, 138/80. ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರು, 106/64. ಮೂರು ನಿಮಿಷಕ್ಕೆ 98/60. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಸಹಜ ಅಲ್ಲ. ತಾತನಿಗೆ 40 ಇಳಿದಿತ್ತು. ಹಿಂದಿನ ಎಲ್ಲ ಚೀಟಿಗಳಲ್ಲೂ ತಾತನ ಬಿಪಿ ಬರೆದಿದೆ. ಎಲ್ಲವೂ ಕುರ್ಚಿಯಲ್ಲಿ ಕೂರಿಸಿ ನೋಡಿದ್ದು. ಇಸಿಜಿ ತೆಗೆದಾಗ ನಾಡಿ ನಿಮಿಷಕ್ಕೆ 48 ಇತ್ತು.

‘ಗುಳಿಗೆ ಎಲ್ಲ ತಂದೀರಾ?’ ಅಂದರು. ಅವ್ವ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಸುರಿದರು. ಬಿಪಿಗೆ ಅಂತ ಒಬ್ಬರು ಕೊಟ್ಟ ಮೆಟೊಪ್ರೊಲಾಲ್, ಅದು ನಾಡಿಯನ್ನು ನಿಧಾನ ಮಾಡುತ್ತದೆ. ಬಿಪಿಗೇ ಅಂತ ಇನ್ನೊಬ್ಬರು ಸೇರಿಸಿದ ನೀರಿನ ಗುಳಿಗೆ, ಅದು ಮೂತ್ರದಲ್ಲಿ ನೀರು ಉಪ್ಪು ಹೊರಹಾಕುತ್ತದೆ. ಮೂತ್ರ ಕಟ್ಟುತ್ತದೆ ಅಂತ ಮತ್ತೊಬ್ಬರು ಕೊಟ್ಟ ಟ್ಯಾಮ್ಸುಲೋಸಿನ್, ಅದು ರಕ್ತನಾಳಗಳನ್ನೂ ಸಡಿಲ ಮಾಡುತ್ತದೆ. ಮರೆವಿಗೆ ಕೊಟ್ಟ ಡೊನೆಪೆಜಿಲ್. ಇದು ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ‘ನಿಧಾನ ಆಗು’ ಅಂತ ಹೇಳೋದೂ ಅದೇ ರಾಸಾಯನಿಕದ ಮೂಲಕ. ಹಾಗಾಗಿ ಕೆಲವರಲ್ಲಿ ನಾಡಿ ಇಳಿಯುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಡಿಮೆನ್ಷಿಯಾ ಇರುವ ವೃದ್ಧರ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ, 2009ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಈ ಬಗೆಯ ಗುಳಿಗೆ ತೆಗೆದುಕೊಳ್ಳುತ್ತಿದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ 31.5 ಸಲ ಎಚ್ಚರ ತಪ್ಪಿ ಆಸ್ಪತ್ರೆಗೆ ಬಂದದ್ದು ದಾಖಲಾಗಿತ್ತು, ತೆಗೆದುಕೊಳ್ಳದವರಲ್ಲಿ 18.6. ಪೇಸ್‌ಮೇಕರ್ ಹಾಕಿಸಿಕೊಂಡವರೂ, ಸೊಂಟದ ಮೂಳೆ ಮುರಿದುಕೊಂಡವರೂ ಮೊದಲ ಗುಂಪಿನಲ್ಲೇ ಹೆಚ್ಚು. ಗುಳಿಗೆಯನ್ನು ಅನುಮಾನಿಸದೆ ಹೃದಯವನ್ನು ಅನುಮಾನಿಸಿದರೆ ಇಲ್ಲದ ಖರ್ಚು ಬರುತ್ತದೆ ಅಂತ ಡಾಕ್ಟರು ಅಂದದ್ದು ಇದಕ್ಕೇ.

ನಾಲ್ಕರಲ್ಲಿ ಯಾವುದೂ ತಪ್ಪು ಗುಳಿಗೆ ಅಲ್ಲ, ಇದನ್ನು ಡಾಕ್ಟರು ಎರಡು ಸಲ ಹೇಳಿದರು. ನಾಲ್ವರು ಡಾಕ್ಟರೂ ತಮ್ಮ ತಮ್ಮ ಪಾಲಿನ ಕೆಲಸ ಸರಿಯಾಗೇ ಮಾಡಿದ್ದರು. ನಮಗೆ ಇದು ಬೇಗ ಅರ್ಥವಾಯಿತು. ನಾಲ್ಕು ಮಾಡ್ಯೂಲ್ ಬೇರೆ ಬೇರೆಯಾಗಿ ಟೆಸ್ಟ್ ಮಾಡಿದಾಗ ಚೆನ್ನಾಗೇ ಓಡಿದ್ದವು, ಒಂದೇ ಬೋರ್ಡಿಗೆ ಹಾಕಿದ ದಿನ ಏನೂ ಓಡಲಿಲ್ಲ. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಸುರಿದು ನೋಡಿದವರು ಇರಲಿಲ್ಲ ಅಷ್ಟೇ. ಸುರಿದವರು ಅವ್ವ, ಅದೂ ಯಾರೋ ಕೇಳಿದ್ದಕ್ಕೆ.

ಹೊರಡುವ ಮೊದಲು ಡಾಕ್ಟರು ಅವ್ವನನ್ನು ಇನ್ನೊಂದು ಪ್ರಶ್ನೆ ಕೇಳಿದರು. ‘ಇವರಿಗೆ ಇಲ್ಲದ್ದು ಏನಾದರೂ ಕಾಣ್ತದೇನು?’ ಅವ್ವ ನಮ್ಮ ಮುಖ ನೋಡಿ, ಹೇಳಬೇಕೋ ಬೇಡವೋ ಅನ್ನೋ ಹಾಗೆ ಸುಮ್ಮನಾದರು. ಆಮೇಲೆ ಹೇಳಿದರು. ಸಂಜೆ ಹೊತ್ತು ತಾತನಿಗೆ ಅಂಗಳದಲ್ಲಿ ಸಣ್ಣ ಹುಡುಗರು ಆಡುವುದು ಕಾಣುತ್ತದೆ. ‘ಆ ಹುಡುಗರಿಗಿ ರೊಟ್ಟಿ ಕೊಡು’ ಅನ್ನುತ್ತಾರೆ. ರಾತ್ರಿ ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಾರೆ. ಊರಲ್ಲಿ ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಿದ್ದರಂತೆ. ನಮ್ಮ ಗೆಳೆಯನಿಗೂ ಇದು ಹೊಸ ಸುದ್ದಿ. ಓದೋ ಮಗನಿಗೆ ಯಾಕೆ ಚಿಂತೆ ಅಂತ ಅವ್ವ ಹೇಳಿರಲೇ ಇಲ್ಲ.

ಡಿಮೆನ್ಷಿಯಾ ಅಂದರೆ ಅಲ್ಜೈಮರ್ ಒಂದೇ ಅಲ್ಲ. ಫ್ರಿಟ್ಜ್ ಲೆವಿ ಅನ್ನುವ ಜರ್ಮನ್ ವೈದ್ಯ 1912ರಲ್ಲಿ ಪಾರ್ಕಿನ್ಸನ್ ರೋಗಿಗಳ ಮೆದುಳಿನ ಕೋಶಗಳಲ್ಲಿ ಕಂಡ ಕಣಗಳಿಗೆ ಅವರ ಹೆಸರೇ ಉಳಿದಿದೆ. ಆ ಕಣಗಳಿಂದ ಬರುವ ಮರೆವಿನ ಕಾಯಿಲೆಯಲ್ಲಿ ಇಲ್ಲದ್ದು ಕಾಣೋದು, ನಿದ್ದೆಯಲ್ಲಿ ಬಡಿದಾಡೋದು, ಒಂದು ದಿನ ಚುರುಕು ಒಂದು ದಿನ ಮಂಕು, ಇವೆಲ್ಲ ಇರುತ್ತವೆ. ಅದು ನೆನಪಿನ ಜಾಗವನ್ನಷ್ಟೇ ಅಲ್ಲ, ನಮಗೆ ಗೊತ್ತಿಲ್ಲದೆ ಬಿಪಿ, ಬೆವರು, ಮೂತ್ರ ನೋಡಿಕೊಳ್ಳುವ ನರಗಳನ್ನೂ ಕೆಡಿಸುತ್ತದೆ. ಹಾಗಾಗಿ ಎಚ್ಚರ ತಪ್ಪೋದು, ಬೀಳೋದು 2017ರ ಅಂತರರಾಷ್ಟ್ರೀಯ ಮಾನದಂಡಗಳಲ್ಲೇ ಈ ಕಾಯಿಲೆಗೆ ಪೂರಕ ಲಕ್ಷಣಗಳಾಗಿ ಸೇರಿವೆ. ತಾತನಿಗೆ ಇದೇ ಇರಬಹುದು ಅಂತ ಡಾಕ್ಟರ ಅನುಮಾನ. ಮುಖ್ಯವಾಗಿ ಒಂದು ಎಚ್ಚರಿಕೆ ಕೊಟ್ಟರು. ರಾತ್ರಿ ಗಲಾಟೆ ಮಾಡ್ತಾರೆ ಅಂತ ಹ್ಯಾಲೋಪೆರಿಡಾಲ್‌ನಂಥ ಔಷಧಿ ಕೊಟ್ಟರೆ ಈ ಕಾಯಿಲೆಯವರಿಗೆ ಮೈಯೆಲ್ಲ ಬಿಗಿದು ಜೀವಕ್ಕೇ ಕುತ್ತು ಬರಬಹುದು. ಯಾವ ಆಸ್ಪತ್ರೆಗೆ ಹೋದರೂ ಇದನ್ನು ಮೊದಲೇ ಹೇಳಿ ಅಂದರು. ಗಾಳಿ, ಅರಳು ಮರಳು, ಚಕ್ಕರ್ ಅಂತ ಮೂರು ಬೇರೆ ಬೇರೆ ಕಥೆಯಾಗಿದ್ದದ್ದು ಅವತ್ತು ಒಂದೇ ಕಥೆಯಾಯಿತು.

ಹಾಸ್ಟೆಲಿಗೆ ಬಂದು ಮೆಮೊರಿ ಕಾರ್ಡ್ ತೆಗೆದು ನೋಡಿದೆವು. ತಾತ ಗೋಡೆಗೆ ಆನಿಕೊಂಡು ಜಾರಿದ್ದರಿಂದ ಅತಿ ಹೆಚ್ಚು ಅಂದರೆ 1.6 ಜಿ ಬಂದಿತ್ತು. ನಮ್ಮ 3ರ ಗೆರೆ ಎಲ್ಲೋ ಮೇಲೆ ಉಳಿದಿತ್ತು. ಗೆರೆ ಇಳಿಸೋಣ ಅಂತ ನಮ್ಮಲ್ಲೊಬ್ಬ ಅಂದ. ಇಳಿಸಿದರೆ ಕೆಮ್ಮಿದರೂ ಮೆಸೇಜ್ ಬರುತ್ತದೆ. ಹಾಗೇ ಗ್ರಾಫ್ ನೋಡುತ್ತಾ ಕೂತಾಗ ಇನ್ನೊಂದು ಕಂಡಿತು. ತಾತ ಮಲಗಿದ್ದವರು ಎದ್ದು ನಿಂತದ್ದು ಗ್ರಾಫಿನಲ್ಲಿ ಸ್ಪಷ್ಟವಾಗಿತ್ತು. ಅಲ್ಲಿಂದ ಜಾರುವವರೆಗೆ 25 ಸೆಕೆಂಡ್. ಅಷ್ಟು ಹೊತ್ತು ನಾವು ಐದು ಮಾರು ದೂರದಲ್ಲಿ ಕೂತು ವಿಡಿಯೋ ತೆಗೆಯುತ್ತಿದ್ದೆವು.

ಎದ್ದು ನಿಂತ ಕೂಡಲೇ ಯಾರ ದೇಹದಲ್ಲೇ ಆದರೂ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆಯ ಕೆಳಭಾಗಕ್ಕೆ, ಕಾಲಿಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲೂ ಹೃದಯದ ಹತ್ತಿರದ ಮಹಾಪಧಮನಿಯಲ್ಲೂ ಒತ್ತಡ ಅಳೆಯುವ ಸೆನ್ಸರ್‌ಗಳಿವೆ. ಅವು ಇಳಿತವನ್ನು ಕಂಡು ಮೆದುಳಿಗೆ ತಿಳಿಸುತ್ತವೆ, ಮೆದುಳು ನಾಡಿಯನ್ನು ಏರಿಸಿ ನಾಳಗಳನ್ನು ಬಿಗಿ ಮಾಡುತ್ತದೆ. ಐದನೇ ಸೆಮಿಸ್ಟರಿನ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನ ಕ್ಲೋಸ್ಡ್ ಲೂಪ್, ಬೇರೇನಲ್ಲ. ತಾತನ ಲೂಪಿನಲ್ಲಿ ವಯಸ್ಸು ಸೆನ್ಸರನ್ನು ಮಂದ ಮಾಡಿದೆ, ಕಾಯಿಲೆ ತಂತಿ ಕತ್ತರಿಸಿದೆ, ಮೆಟೊಪ್ರೊಲಾಲ್ ಮತ್ತು ಡೊನೆಪೆಜಿಲ್ ನಾಡಿ ಏರದಂತೆ ಹಿಡಿದಿವೆ, ಟ್ಯಾಮ್ಸುಲೋಸಿನ್ ನಾಳ ಬಿಗಿಯಾಗದಂತೆ ಹಿಡಿದಿದೆ, ನೀರಿನ ಗುಳಿಗೆ ಮತ್ತು ಮಾರ್ಚ್ ಬಿಸಿಲು ರಕ್ತದ ನೀರನ್ನೇ ಇಳಿಸಿವೆ. ಅದರ ಮೇಲೆ ಊಟ. ಉಂಡ ಮೇಲೆ ಒಂದೆರಡು ಗಂಟೆ ರಕ್ತ ಕರುಳಿನ ಕಡೆ ಹೆಚ್ಚು ಹೋಗುತ್ತದೆ. ಎರಡು ಗಂಟೆಯ ಹೊತ್ತಿಗೆ ತಾತ ಬಿದ್ದದ್ದಕ್ಕಿಂತ, ದಿನಾ ಬೀಳದೆ ಇದ್ದದ್ದೇ ಆಶ್ಚರ್ಯ.

ಇದಕ್ಕೆ ಎಲ್ಲ ಡಾಕ್ಟರೂ ಹೇಳುವ ಸಲಹೆ ಸರಳ. ಒಮ್ಮೆಲೇ ಏಳಬೇಡಿ, ಮೊದಲು ಕೂತು, ಪಾದ ಆಡಿಸಿ, ಆಮೇಲೆ ನಿಲ್ಲಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ಕಣ್ಣು ಕತ್ತಲಾದರೆ ಅಲ್ಲೇ ಕೂತುಬಿಡಿ. ಬೇರೆ ಯಾರಿಗೇ ಆದರೂ ಈ ಮೂರು ಮಾತು ಸಾಕು. ತಾತನಿಗೆ ಈ ಮೂರೂ ಹೇಳಿ ಪ್ರಯೋಜನ ಇಲ್ಲ. ‘ಆತಪ್ಪ’ ಅನ್ನುತ್ತಾರೆ, ಎರಡು ನಿಮಿಷಕ್ಕೆ ಎತ್ತಿನ ನೆನಪಾಗಿ ಸರಕ್ಕನೆ ಏಳುತ್ತಾರೆ. ನೀರು ಕುಡಿದೆಯಾ ಅಂದರೆ ಕುಡಿದೆ ಅನ್ನುತ್ತಾರೆ. ಕಣ್ಣು ಕತ್ತಲಾದದ್ದು ಅಪಾಯ ಅನ್ನೋದು ಹೊಳೆಯೋದಿಲ್ಲ. ಅವರ ಪರವಾಗಿ ಇಷ್ಟನ್ನೂ ಇನ್ನೊಬ್ಬರು ನೆನಪಿಟ್ಟುಕೊಳ್ಳಬೇಕು, ಹಗಲು ರಾತ್ರಿ. ಯಾಪಲದಿನ್ನಿಯ ಆ ಮನೆಯಲ್ಲಿ ಆ ಇನ್ನೊಬ್ಬರು ಅವ್ವ. ಅವರು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಮಂಚದ ಸಪ್ಪಳ ಕೇಳುತ್ತಿದ್ದರು. ‘ಮಾವ ಕಂಬ ಹಿಡ್ದು ಮ್ಯಾಲ ನೋಡಿದ್ರಂದ್ರ ನನಗ ತಿಳಿತದ’ ಅಂತ ಅವತ್ತು ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಹೇಳಿದರು. ಹಿಂದಿನ ಮೂರು ಸಲವೂ ಹಾಗೇ ಆಗಿತ್ತಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ‘ಯಾರು ಕೇಳ್ಯಾರ?’ ಅಂದರು.

ಬೆಲ್ಟಿನ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ಸಬ್‌ಮಿಷನ್‌ಗೆ ಏಳು ವಾರ ಇತ್ತು. ಗೈಡ್ ಸರ್ ಬೈಯುತ್ತಾರೆ ಅಂದುಕೊಂಡಿದ್ದೆವು, ಅವರು ‘ಟೈಟಲ್ ಬದಲಾಯಿಸೋಕೆ ಅರ್ಜಿ ಬರೆದುಕೊಡಿ’ ಅಂದರು ಅಷ್ಟೇ. ಮಂಚದ ಹಾಸಿಗೆ ಕೆಳಗೆ ಭಾರ ತಿಳಿಯುವ ಎರಡು ಪಟ್ಟಿ ಇಟ್ಟೆವು, ಒಂದು ಬೆನ್ನಿನ ಕಡೆ, ಒಂದು ಸೊಂಟದ ಕಡೆ. ಬೆನ್ನಿನ ಭಾರ ಹೋಗಿ ಸೊಂಟದ ಭಾರ ಉಳಿದರೆ ತಾತ ಎದ್ದು ಕೂತರು ಅಂತ ಅರ್ಥ. ಆಗ ಅಡುಗೆ ಮನೆಯಲ್ಲಿ, ರಾತ್ರಿಯಾದರೆ ಅವ್ವನ ದಿಂಬಿನ ಹತ್ತಿರ, ಒಂದು ಸಣ್ಣ ಬಝರ್ ಕೂಗುತ್ತದೆ. ಮಂಚದ ಹತ್ತಿರ ಸ್ಪೀಕರ್ ಇಟ್ಟು ‘ತಾತ, ಸ್ವಲ್ಪ ಕುಂದ್ರು, ನೀರು ಕುಡಿ’ ಅಂತ ಮೊಮ್ಮಗನ ದನಿ ರೆಕಾರ್ಡ್ ಮಾಡಿ ಹಾಕಿದ್ದೆವು. ಮೊದಲ ದಿನವೇ ಅದನ್ನು ತೆಗೆಯಬೇಕಾಯಿತು. ಮೊಮ್ಮಗ ಊರಿಗೆ ಬಂದಿದ್ದಾನೆ ಅಂತ ತಾತ ಅವನನ್ನು ಹುಡುಕಿಕೊಂಡು ಎದ್ದು ಹೊರಟರು.

ಡಾಕ್ಟರು ಗುಳಿಗೆಗಳನ್ನು ಒಂದೊಂದಾಗಿ ಬದಲಿಸಿದರು. ನೀರಿನ ಗುಳಿಗೆ ನಿಂತಿತು. ಮೆಟೊಪ್ರೊಲಾಲನ್ನು ಒಮ್ಮೆಲೇ ನಿಲ್ಲಿಸಬಾರದು, ಎರಡು ವಾರ ತೆಗೆದುಕೊಂಡು ಇಳಿಸಿದರು. ಡೊನೆಪೆಜಿಲ್ 10ರಿಂದ 5 ಮಿಲಿಗ್ರಾಂಗೆ ಬಂತು, ಪೂರ್ತಿ ನಿಲ್ಲಿಸಲಿಲ್ಲ, ಹುಡುಗರು ಕಾಣೋದು ಅದರಿಂದ ಸ್ವಲ್ಪ ಹತೋಟಿಯಲ್ಲಿದೆ ಅಂತ. ಟ್ಯಾಮ್ಸುಲೋಸಿನ್ ಬಿಟ್ಟರೆ ಮೂತ್ರ ಕಟ್ಟುತ್ತದೆ, ಅದನ್ನು ರಾತ್ರಿ ಮಲಗುವಾಗ ಕೊಡಿ ಅಂದರು. ರಾತ್ರಿ ಮೂತ್ರಕ್ಕೆ ಎದ್ದು ನಿಲ್ಲೋದೇ ಎಲ್ಲಕ್ಕಿಂತ ಅಪಾಯ, ಹಾಗಾಗಿ ಮಂಚದ ಪಕ್ಕದಲ್ಲೇ ಕೂತು ಮಾಡುವ ಡಬ್ಬಿ ಬಂತು. ಇದನ್ನು ಓದಿ ಯಾರೂ ಮನೆಯಲ್ಲಿರುವ ಹಿರಿಯರ ಗುಳಿಗೆ ತಾವೇ ನಿಲ್ಲಿಸಬೇಡಿ. ಚೀಲ ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ, ನಿಲ್ಲಿಸಿ ಬಿಪಿ ನೋಡಿ ಅಂತ ಕೇಳಿ. ಎಚ್ಚರ ತಪ್ಪಿದವರು ಒಂದೆರಡು ನಿಮಿಷದಲ್ಲಿ ಮರಳದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಎದೆನೋವು ಇದ್ದರೆ, ಒಂದು ಕಡೆ ಕೈಕಾಲು ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ಮೊದಲ ಕೆಲಸ ಮಲಗಿಸಿ ಕಾಲು ಎತ್ತಿ ಹಿಡಿಯೋದು. ಕುರ್ಚಿ ಬೇಡ, ಬಾಯಿಗೆ ನೀರು ಬೇಡ. ಕೀಲಿಯಿಂದ ಅಪಾಯ ಇಲ್ಲ, ಉಪಯೋಗವೂ ಇಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ‘ನಿಮ್ಮ ಸಿಸ್ಟಮ್ ಅಕ್ಯುರಸಿ ಎಷ್ಟು?’ ಅಂದರು. ಮೂವತ್ತು ದಿನದಲ್ಲಿ ತಾತ ಎದ್ದು ಕೂತದ್ದನ್ನು ಅವ್ವ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ ಗುರುತಿಸಿದ್ದರು, ಬಝರಿನ ಲೆಕ್ಕದ ಜೊತೆ ಹೋಲಿಸಿ ಹೇಳಿದೆವು. ‘ಗ್ರೌಂಡ್ ಟ್ರೂತ್ ಕ್ಯಾಲೆಂಡರ್ ಏನ್ರೀ?’ ಅಂತ ಅವರು ನಕ್ಕರು. ಮಾರ್ಕ್ಸ್ ಪರವಾಗಿಲ್ಲ, ಬಂತು.

ಏಪ್ರಿಲ್ ಕೊನೆಯಲ್ಲಿ ತಾತ ಮತ್ತೊಮ್ಮೆ ಬಿದ್ದರು. ಕರೆಂಟು ಹೋಗಿ ಬಝರ್ ಕೂಗಿರಲಿಲ್ಲ, ಬ್ಯಾಟರಿ ಹಾಕಬೇಕು ಅಂತ ನಮಗೆ ತೋಚಿರಲಿಲ್ಲ. ಸೌರ ಘಟಕ ಇರುವ ಊರಿನಲ್ಲಿ ಇದು ನಮ್ಮ ಇನ್ನೊಂದು ಬುದ್ಧಿವಂತಿಕೆ. ಹಣೆಗೆ ಮೂರು ಹೊಲಿಗೆ ಬಿದ್ದವು, ಮೂಳೆಗೆ ಏನೂ ಆಗಲಿಲ್ಲ. ಈಗ ಬ್ಯಾಟರಿ ಹಾಕಿದ್ದೇವೆ. ನಿಲ್ಲಿಸಿ ನೋಡಿದಾಗ ಬಿಪಿ 118ಕ್ಕಿಂತ ಕೆಳಗೆ ಇಳಿಯುತ್ತಿಲ್ಲ, ನಾಡಿ 62.

ಹೋದ ತಿಂಗಳು ಊರಿಗೆ ಹೋದಾಗ ತಾತನಿಗೆ ನಮ್ಮಲ್ಲಿ ಯಾರ ಗುರುತೂ ಹತ್ತಲಿಲ್ಲ, ಮೊಮ್ಮಗನದೂ ಸೇರಿ. ಊಟವಾಗಿ ಮಂಚದ ಮೇಲೆ ಮಲಗಿದ್ದರು. ಬಝರ್ ಕೂಗಿತು. ಅವ್ವ ಹಿಟ್ಟಿನ ಕೈಯಲ್ಲೇ ಚರಗಿ ನೀರು ಹಿಡಿದು ಬಂದು ಪಕ್ಕದಲ್ಲಿ ಕೂತರು. ತಾತ, ‘ಎತ್ತಿಗಿ ಮೇವು ಹಾಕಿಲ್ಲ’ ಅಂದರು. ‘ಹಾಕೀನಿ ಮಾವ. ನೀರು ಕುಡೀರಿ, ಆಮ್ಯಾಲ ಇಬ್ರೂ ಹೋಗಿ ನೋಡಿ ಬರೋಣು’ ಅಂದರು ಅವ್ವ. ತಾತ ಕಾಲು ಕೆಳಗೆ ಬಿಟ್ಟುಕೊಂಡು ಕೂತು, ಚರಗಿ ಎತ್ತಿ ಕುಡಿದರು.